ಹುಳುಮನೆಯ ಎರಡನೇ ಸೆನ್ಸರ್

ಮಾಲೂರಿನ ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನಲ್ಲಿ ಆರು ವರ್ಷ ನಾನು ಪ್ಯಾನೆಲ್‌ಗಳಿಗೆ ತಂತಿ ಕಟ್ಟಿದ್ದೇನೆ. ಪ್ಯಾನೆಲ್ ಅಂದರೆ ಗೋಡೆ ಬೀರುವಿನಂಥ ಒಂದು ತಗಡಿನ ಡಬ್ಬ. ಅದರೊಳಗೆ ಕಂಟ್ರೋಲರ್ ಕೂರುತ್ತದೆ. ದೊಡ್ಡ ಆಸ್ಪತ್ರೆ, ಹೋಟೆಲು, ಆಫೀಸುಗಳಲ್ಲಿ ಯಾವ ಕೋಣೆ ಎಷ್ಟು ತಣ್ಣಗಿರಬೇಕು, ಯಾವ ಫ್ಯಾನು ಯಾವಾಗ ತಿರುಗಬೇಕು ಅಂತ ನೋಡಿಕೊಳ್ಳುವುದು ಅದೇ. ಗೋಡೆಯ ಮೇಲಿನ ಸೆನ್ಸರ್‌ಗಳಿಂದ ತಂತಿ ಬಂದು ಅದರ ಇನ್‌ಪುಟ್‌ಗಳಿಗೆ ಸೇರುತ್ತವೆ. ಅದು ಓದಿಕೊಂಡು, ತನಗೆ ಹೇಳಿಕೊಟ್ಟ ಹಾಗೆ ಹೀಟರು ಫ್ಯಾನುಗಳನ್ನು ಹಾಕಿ ಆರಿಸುತ್ತದೆ. ನಾನು ಕಟ್ಟಿದ ಪ್ಯಾನೆಲ್‌ಗಳು ಎಲ್ಲೆಲ್ಲಿಗೋ ಹೋದವು, ನಾನು ಮಾತ್ರ ಶೆಡ್ಡು ಬಿಟ್ಟು ಹೋಗಲಿಲ್ಲ. ಸೈಟಿಗೆ ಹೋಗಿ ಯಂತ್ರ ಚಾಲೂ ಮಾಡುವುದು ಗಂಡಸರ ಕೆಲಸ ಅಂತ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳದೆಯೇ ಹಾಗೆ ನಡೆದುಕೊಂಡು ಬಂದಿತ್ತು.

ನನ್ನ ಕೈಕೆಲಸದ ಬಗ್ಗೆ ನನಗೆ ಜಂಬ ಇದೆ, ಮುಚ್ಚಿಡುವುದೇನು. ನಾನು ಕಟ್ಟಿದ ಪ್ಯಾನೆಲ್ಲಿನ ಬಾಗಿಲು ತೆಗೆದರೆ ತಂತಿಗಳು ಎಣ್ಣೆ ಹಚ್ಚಿ ಬಾಚಿ ಜಡೆ ಹೆಣೆದ ಹಾಗೆ ಇರುತ್ತವೆ. ಪ್ರತಿ ತಂತಿಗೂ ಎರಡು ತುದಿಯಲ್ಲೂ ನಂಬರು. ಸ್ಕ್ರೂ ಬಿಗಿದ ಮೇಲೆ ಪ್ರತಿಯೊಂದನ್ನೂ ಎರಡು ಸಲ ಎಳೆದು ನೋಡುತ್ತೇನೆ, ಒಂದು ಸಲ ಅಲ್ಲ. ಬೇರೆಯವರು ಕಟ್ಟಿದ್ದನ್ನು ಎಳೆದು, ಅದು ಕೈಗೆ ಬಂದರೆ, ಶೆಡ್ಡಿಗೆಲ್ಲ ಕೇಳುವ ಹಾಗೆ ಬೈಯುತ್ತೇನೆ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಅಂತ ನಮ್ಮ ಸೀನಿಯರ್ ಇಂಜಿನಿಯರು ಹೇಳುತ್ತಿದ್ದರು. ಅವರು ಹೇಳುತ್ತಿದ್ದುದರಲ್ಲಿ ನಾನು ಒಪ್ಪುತ್ತಿದ್ದ ಮಾತು ಅದೊಂದೇ.

ಒಂದು ದಿನ ಅವರೇ ಕರೆದು, "ಹುಳುಮನೆ ನೋಡಿದ್ದೀಯಾ?" ಅಂತ ಕೇಳಿದರು. ಮುಳಬಾಗಿಲು ತಾಲ್ಲೂಕಿನವಳಾದ ನನ್ನನ್ನು, ಆವನಿಯ ಪಕ್ಕದ ಹಳ್ಳಿಯಲ್ಲಿ ರೇಷ್ಮೆ ಹುಳುವಿನ ತಟ್ಟೆಗಳ ಮಧ್ಯೆಯೇ ಮಲಗಿ ಬೆಳೆದವಳನ್ನು ಹಾಗೆ ಕೇಳಿದರೆ ಏನು ಹೇಳಲಿ. ಕೋಲಾರದಿಂದ ಶ್ರೀನಿವಾಸಪುರದ ಕಡೆ ಹೋಗುವಾಗ, ಸುಗಟೂರು ದಾಟಿದ ಮೇಲೆ, ಒಬ್ಬರ ಚಾಕಿ ಕೇಂದ್ರ ಇತ್ತು. ಮೊಟ್ಟೆಯೊಡೆದ ಮರಿಹುಳುಗಳನ್ನು ಎರಡು ಜ್ವರ ದಾಟುವವರೆಗೆ ಸಾಕಿ ರೈತರಿಗೆ ಕೊಡುವ ಜಾಗ ಅದು. ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಅಲ್ಲಾಡದೆ ಕೂರುತ್ತದಲ್ಲ, ಅದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತೇವೆ. ಕೋಣೆಯ ಬಿಸಿ, ತೇವ ಒಂದೇ ಸಮ ಇದ್ದರೆ ಎಲ್ಲ ಹುಳುಗಳೂ ಒಟ್ಟಿಗೆ ಜ್ವರಕ್ಕೆ ಕೂರುತ್ತವೆ. ಇಲ್ಲದಿದ್ದರೆ ಅರ್ಧ ಮಲಗಿರುತ್ತವೆ, ಅರ್ಧ ಮೇಯುತ್ತಿರುತ್ತವೆ. ಅಂಥವನ್ನು ಮನೆಗೆ ಒಯ್ದ ರೈತನಿಗೆ ಗೂಡು ಕಟ್ಟುವವರೆಗೂ ಗೋಳು ತಪ್ಪುವುದಿಲ್ಲ. ಹಿಂದಿನ ಎರಡು ಬ್ಯಾಚು ಅಲ್ಲಿ ಹಾಗೇ ಆಗಿತ್ತಂತೆ. ಇನ್ನೊಂದು ಹಾಗಾದರೆ ಸುತ್ತಲ ಊರಿನವರು ಬೇರೆ ಕಡೆ ಹೋಗುತ್ತಾರೆ ಅಂತ ಹೆದರಿ, ಮಾಲೀಕರು ನಮ್ಮ ಕಂಟ್ರೋಲರ್ ಹಾಕಿಸಲು ಬಂದಿದ್ದರು.

"ಚಿಕ್ಕ ಕೆಲಸ. ನೀನೇ ಹೋಗು," ಅಂದರು ಸೀನಿಯರ್. "ಸರಿಯಾಗಿ ಮುಗಿಸಿದ್ರೆ ಇನ್ಮೇಲೆ ಸೈಟಿಗೆ ಹಾಕ್ತೀನಿ. ಕೆಡಿಸ್ಕೊಂಡು ಬಂದ್ರೆ ಟೇಬಲ್ ಇದ್ದೇ ಇದೆ, ಮತ್ತೆ ತಂತಿ ತುದಿಗೆ ಲಗ್ಗು ಒತ್ಕೊಂಡು ಕೂತ್ಕೊ." ಅವರು ನಗುತ್ತಾ ಹೇಳಿದರು. ನನಗೆ ನಗು ಬರಲಿಲ್ಲ. ಆರು ವರ್ಷ ಕಾದಿದ್ದೆ.

ಮೊದಲ ಸಲ ಹೋದದ್ದು ಮೊಟ್ಟೆ ಒಡೆಯಲು ಇನ್ನೂ ನಾಲ್ಕು ದಿನ ಇರುವಾಗ. ಹುಳುಮನೆಗೆ ಸುಮ್ಮನೆ ನುಗ್ಗುವ ಹಾಗಿಲ್ಲ. ತಲೆಗೆ ಎಣ್ಣೆ ಇರಬಾರದು, ಮುಖಕ್ಕೆ ಪೌಡರು ಇರಬಾರದು. ಹಿಂದಿನ ಬಚ್ಚಲಲ್ಲಿ ಸ್ನಾನ ಮಾಡಿ, ಅವರೇ ಕೊಟ್ಟ ಒಗೆದ ಬಟ್ಟೆ ಉಟ್ಟು, ಬ್ಲೀಚಿಂಗ್ ನೀರಿನ ತೊಟ್ಟಿಯಲ್ಲಿ ಕಾಲು ಅದ್ದಿ ಒಳಗೆ ಹೋಗಬೇಕು. ಅದನ್ನೆಲ್ಲ ನೋಡಿಕೊಳ್ಳಲು ಅಲ್ಲೊಬ್ಬ ಹಿರಿಯ ಹೆಂಗಸು ಇದ್ದರು. ಅರವತ್ತು ದಾಟಿರಬಹುದು. ಹುಳು ಮೇಯಿಸುವುದರಲ್ಲೇ ಕೂದಲು ಬೆಳ್ಳಗಾದವರು, ಮನೆಮಾತು ತೆಲುಗು. ನನ್ನ ಟೂಲ್ ಬ್ಯಾಗನ್ನು ಮೂಸಿ ನೋಡಿದರು. "ಇದ್ರಾಗೆ ಸೊಳ್ಳೆ ಬತ್ತಿ ಇಟ್ಟಿದ್ದೆಯಾ ಅಮ್ಮಾಯಿ?" ಅಂದರು. ಎಂದೋ ಒಂದು ಸಲ ಇಟ್ಟಿದ್ದೆ. ಬ್ಯಾಗು ಹೊರಗೇ ಉಳಿಯಿತು. ಸ್ಕ್ರೂಡ್ರೈವರು, ಕಟ್ಟರುಗಳನ್ನು ಬಿಸಿನೀರಲ್ಲಿ ತೊಳೆದು ಒಂದು ತಟ್ಟೆಯಲ್ಲಿ ಇಟ್ಟುಕೊಟ್ಟರು.

ನಮ್ಮ ಡ್ರಾಯಿಂಗ್‌ನಲ್ಲಿ ಎರಡು ಬಿಸಿ ಅಳೆಯುವ ಸೆನ್ಸರ್ ಇದ್ದವು, ಬೆರಳುದ್ದದ ಸ್ಟೀಲ್ ಕಡ್ಡಿಗಳು. ಒಂದು ಕೆಟ್ಟರೂ ಇನ್ನೊಂದು ಇರಲಿ ಅಂತ ಎರಡು. ಎರಡರ ಸರಾಸರಿಯನ್ನು ಕಂಟ್ರೋಲರ್ ನಂಬಬೇಕು. ತೇವ ಅಳೆಯಲು ಬೇರೆ ಒಂದು ಸೆನ್ಸರ್. ಎಲ್ಲಿ ಹಾಕಲಿ ಅಂದಾಗ ಮಾಲೀಕರು, ಮೊದಲು ಗಾಜಿನ ಥರ್ಮಾಮೀಟರ್ ಹಲಗೆ ತೂಗುಹಾಕಿದ್ದ ಮೊಳೆ ತೋರಿಸಿ, "ಕೋಣೆಯ ಸರಿಯಾದ ಹದ ಸಿಗೋದು ಇಲ್ಲೇ," ಅಂದರು. ಒಳ್ಳೆಯ ಜಾಗವೇ. ಹಳೆಯ ಹಲಗೆ ಇಳಿಸಿ, ಅಲ್ಲೇ ಎರಡು ಕಡ್ಡಿಗಳನ್ನೂ ಪಕ್ಕಪಕ್ಕ ಕೂರಿಸಿದೆ. ತಂತಿಯ ಮೇಲಿನ ಜಾಲರಿಯನ್ನು ಪ್ಯಾನೆಲ್ ಕಡೆ ಮಾತ್ರ ಅರ್ಥಿಂಗಿಗೆ ಕೊಟ್ಟೆ, ಸೆನ್ಸರ್ ಕಡೆ ಕತ್ತರಿಸಿ ಟೇಪು ಸುತ್ತಿದೆ. ಎರಡೂ ಕಡೆ ಕೊಟ್ಟರೆ ಮೋಟಾರಿನ ಗದ್ದಲವೆಲ್ಲ ಅಳತೆಯೊಳಗೆ ನುಗ್ಗುತ್ತದೆ. ಎಲ್ಲವನ್ನೂ ಎರಡೆರಡು ಸಲ ಎಳೆದು ನೋಡಿ, ಸಂಜೆ ಬಸ್ಸಿಗೆ ಕೋಲಾರಕ್ಕೆ ಬಂದೆ.

ಎರಡನೇ ಸಲ ಹೋದದ್ದು ಮೊಟ್ಟೆ ಒಡೆಯುವ ಹಿಂದಿನ ದಿನ, ಕಂಟ್ರೋಲರ್‌ಗೆ ಕರೆಂಟು ಕೊಟ್ಟು ಇನ್‌ಪುಟ್‌ಗಳನ್ನು ಹೊಂದಿಸಲು. ಆ ಮಧ್ಯೆ ಕೋಣೆಗೆ ಔಷಧಿ ಸಿಂಪಡಿಸಿ, ತೊಳೆದು, ಬಾಗಿಲು ಮುಚ್ಚಿದ್ದರು. ಮೊಟ್ಟೆಗಳು ಪಕ್ಕದ ಕೋಣೆಯ ಕಪ್ಪು ಪೆಟ್ಟಿಗೆಯಲ್ಲಿದ್ದವು. ಮಾರನೇ ದಿನ ಬೆಳಗ್ಗೆ ಬೆಳಕಿಗೆ ಇಟ್ಟರೆ ಎಲ್ಲವೂ ಒಟ್ಟಿಗೆ ಒಡೆಯುತ್ತವೆ. ನಾನು ಒಳಗೆ ಹೋಗುವ ಅಗತ್ಯವೇ ಇರಲಿಲ್ಲ. ಪ್ಯಾನೆಲ್ ಹೊರಗಿನ ವರಾಂಡದಲ್ಲಿತ್ತು, ಲ್ಯಾಪ್‌ಟಾಪ್ ಇಟ್ಟುಕೊಂಡು ಅಲ್ಲೇ ಕೂತೆ. ಒಂದನೇ ಇನ್‌ಪುಟ್, ಬಿಸಿ. ಎರಡನೇದು, ಬಿಸಿ. ಮೂರನೇದು, ತೇವ. ಯಾವುದಕ್ಕೆ ಯಾವ ಜಾತಿಯ ಸೆನ್ಸರ್ ಅಂತ ಆರಿಸಿದೆ.

ಒಂದನೇದು 27.9 ಡಿಗ್ರಿ ಅಂದಿತು. ಎರಡನೇದು 22.8 ಅಂದಿತು.

ಗೇಣು ದೂರದಲ್ಲಿರುವ ಎರಡು ಕಡ್ಡಿಗಳ ನಡುವೆ ಐದು ಡಿಗ್ರಿ. ಸರಾಸರಿ ನಂಬಿದ ಕಂಟ್ರೋಲರ್, ಕೋಣೆ ತಣ್ಣಗಿದೆ ಅಂದುಕೊಂಡು ಹೀಟರ್ ಹಾಕಿಯೇ ಹಾಕಿತು. ಅದನ್ನು ಕೈಯಿಂದ ಆರಿಸಿದೆ. ನನ್ನ ತಂತಿ ಕೆಲಸದಲ್ಲಿ ತಪ್ಪೇ? ಒಂದು ಎರಡರ ತಂತಿಗಳನ್ನು ಅದಲುಬದಲು ಮಾಡಿದೆ. ಕಡಿಮೆ ಅಂಕಿ ಒಂದನೇ ಇನ್‌ಪುಟ್ಟಿಗೆ ಬಂತು. ಅಂದರೆ ಕಂಟ್ರೋಲರ್ ಸರಿ ಇದೆ. ಸೆನ್ಸರ್ ಬದಲು 25 ಡಿಗ್ರಿಗೆ ಸಮನಾದ ರೆಸಿಸ್ಟರ್ ಹಾಕಿದೆ, ಎರಡರಲ್ಲೂ ಸರಿಯಾಗಿ 25 ಬಂತು. ಅಂದರೆ ನಾನು ಹೊಂದಿಸಿದ್ದೂ ಸರಿ. ತಂತಿಯ ಹೊದಿಕೆ ಎಲ್ಲಾದರೂ ಹರಿದು ಗೋಡೆಗೆ ತಾಗುತ್ತಿದೆಯೇ ಅಂತ ಮೀಟರ್ ಹಿಡಿದೆ, ಇಲ್ಲ. ಮಧ್ಯಾಹ್ನದ ಊಟದ ಹೊತ್ತು ಕಳೆಯಿತು. ಮಾಲೀಕರು ಎರಡು ಸಲ ಬಂದು ಗಡಿಯಾರ ನೋಡಿಕೊಂಡು ಹೋದರು.

ಸೀನಿಯರಿಗೆ ಫೋನ್ ಮಾಡಿದೆ. "ಸೆನ್ಸರೇ ಸರಿ ಇಲ್ಲ. ಎರಡನೇದಕ್ಕೆ ಐದು ಡಿಗ್ರಿ ಸೇರಿಸಿ ಓದು ಅಂತ ಹೇಳ್ಬಿಡು ಅದಕ್ಕೆ. ಎರಡೂ ಒಂದೇ ತೋರಿಸುತ್ತೆ. ಮಾಲೀಕರ ಸೈನ್ ತಗೊಂಡು ಬಾ."

"ಯಾಕೆ ಕಡಿಮೆ ತೋರಿಸ್ತಿದೆ ಅಂತ ಗೊತ್ತಾಗದೆ ಹೇಗೆ ಸೇರಿಸೋದು?"

"ಹುಳಕ್ಕೇನು ಗೊತ್ತಾಗುತ್ತೆ ಕಣಮ್ಮ?"

ಫೋನ್ ಇಟ್ಟೆ. ಹೇಳಲು ನಾಚಿಕೆ, ಆದರೂ ಹೇಳುತ್ತೇನೆ: ಸೇರಿಸಿದೆ. 5.1 ಅಂತ ಒತ್ತಿದೆ. ಕಣ್ಣೆದುರೇ ಎರಡು ಅಂಕಿಗಳೂ 27.9 ಆಗಿ ನಿಂತವು. ಎಷ್ಟು ಚೆನ್ನಾಗಿ ಕಂಡಿತು ಅಂದರೆ ಮಾಲೀಕರು ಬಗ್ಗಿ ನೋಡಿ, "ಹಾಂ, ಈಗ ಸರಿಹೋಯ್ತು," ಅಂದರು. ನನ್ನೊಳಗೆ ಮಾತ್ರ ಏನೋ ಚುಚ್ಚುತ್ತಿತ್ತು. ಹರಿದ ಜಾಗ ಯಾವುದೆಂದು ನೋಡದೆ ತೇಪೆ ಹಾಕಿದ್ದೆ.

ಸೈನ್ ಹಾಕಿಸುವ ಮುಂಚೆ ತೇವ ಹೆಚ್ಚಿಸುವ ಮಂಜಿನ ಯಂತ್ರವನ್ನು ಒಂದು ಸಲ ಪರೀಕ್ಷೆ ಮಾಡಬೇಕಿತ್ತು. ಕೈಯಿಂದಲೇ ಚಾಲೂ ಮಾಡಿದೆ. ಕಾಲು ಗಂಟೆ ಆಗಿರಬಹುದು. ಎರಡನೇ ಅಂಕಿ ಮೆಲ್ಲಗೆ ಏರತೊಡಗಿತು. 28. 29. ಮೂವತ್ತು ದಾಟಿತು. ಒಂದನೇದು ಇದ್ದಲ್ಲೇ ಇತ್ತು. ಮಂಜು ನಿಲ್ಲಿಸಿ, ಗಾಳಿ ಹೊರಹಾಕುವ ಫ್ಯಾನು ಹಾಕಿದೆ. ಎರಡನೇದು ಮೆಲ್ಲಗೆ ಇಳಿಯಿತು. ಮತ್ತೆ ಮಂಜು, ಮತ್ತೆ ಏರಿತು.

ಕೆಟ್ಟ ಸೆನ್ಸರ್ ಹೀಗೆ ಮಾಡುವುದಿಲ್ಲ. ಸಡಿಲ ತಂತಿ ಹೀಗೆ ಮಾಡುವುದಿಲ್ಲ, ಅದು ಕುಣಿಯುತ್ತದೆ. ನಾನು ಸೇರಿಸಿದ್ದ 5.1 ಕಳೆದು ನೋಡಿದರೆ, ಇದು ಕೋಣೆಯ ತೇವ ಹೆಚ್ಚಾದಾಗ ಒಂದನೇದರ ಹತ್ತಿರ ಬರುತ್ತಿತ್ತು, ಒಣಗಿದರೆ ದೂರ ಹೋಗುತ್ತಿತ್ತು. ಇದನ್ನು ನಾನು ಎಲ್ಲೋ ನೋಡಿದ್ದೇನೆ ಅನಿಸಿತು. ನಮ್ಮ ಮನೆಯಲ್ಲಿ ನೋಡಿದ್ದೆ. ಹುಳುಮನೆಯ ಹಲಗೆಯಲ್ಲಿ ಎರಡು ಗಾಜಿನ ಕೊಳವೆ ಇರುತ್ತಿದ್ದವು, ಒಂದು ಒಣ, ಒಂದು ಒದ್ದೆ. ಒದ್ದೆಯದರ ಬುಡಕ್ಕೆ ಬತ್ತಿಯ ಬಟ್ಟೆ ಕಟ್ಟಿ, ಬಾಲವನ್ನು ನೀರಿನಲ್ಲಿ ಬಿಟ್ಟಿರುತ್ತಾರೆ. ಗಾಳಿ ಒಣಗಿದ್ದಷ್ಟೂ ಆ ಬಟ್ಟೆ ಬೇಗ ಆರಿ, ಕೊಳವೆ ತಣ್ಣಗಾಗುತ್ತದೆ. ಎರಡರ ವ್ಯತ್ಯಾಸ ನೋಡಿದರೆ ಕೋಣೆಯ ತೇವ ತಿಳಿಯುತ್ತದೆ. ನಾನು ಸ್ಟೂಲು ಹತ್ತಿ ಎರಡೂ ಅಂಕಿ ಕೂಗುತ್ತಿದ್ದೆ, ಅಮ್ಮ ಗೋಡೆಯ ಪಟ್ಟಿಯಲ್ಲಿ ಬೆರಳಿಟ್ಟು ಹುಡುಕುತ್ತಿದ್ದಳು.

ಬಚ್ಚಲಿಗೆ ಓಡಿದೆ. ತಲೆಗೆ ನೀರು ಸುರಿದುಕೊಂಡು, ಬಟ್ಟೆ ಬದಲಿಸಿ, ಕಾಲು ಅದ್ದಿ ಒಳಗೆ ಹೋದೆ. ನನ್ನ ಎರಡನೇ ಸೆನ್ಸರ್‌ಗೆ ಹಳೆಯ ಪಂಚೆಯ ಬಿಳಿ ಚೂರನ್ನು ಒಪ್ಪವಾಗಿ ಸುತ್ತಿ, ದಾರ ಬಿಗಿದು, ಅದರ ಬಾಲವನ್ನು ಒಂದು ಪುಟ್ಟ ಗಾಜಿನ ಶೀಶೆಯ ನೀರಲ್ಲಿ ಬಿಟ್ಟಿತ್ತು. ಗಂಟು ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ನಾನೇ ಕಟ್ಟಿರಬಹುದೇ ಅಂತ ಒಂದು ಕ್ಷಣ ಅನಿಸಿತು.

"ಇದನ್ನ ಯಾರು ಕಟ್ಟಿದ್ದು?" ಅಂತ ಕಿರುಚಿದೆ.

ಆ ಹಿರಿಯ ಹೆಂಗಸು ಸೊಪ್ಪು ಹೆಚ್ಚುವ ಮಣೆ ಒರೆಸುತ್ತಿದ್ದರು. "ನಾನೇ ಕಟ್ದೆ ಅಮ್ಮಾಯಿ. ನೀನು ಮರ್ತು ಹೋಗಿದ್ದೆ."

"ಮರ್ತಿದ್ದಲ್ಲ! ಅದಕ್ಕೆ ಬಟ್ಟೆ ಕಟ್ಟಂಗಿಲ್ಲ! ಬೆಳಗ್ಗಿಂದ ನನ್ನ ಜೀವ ಬಾಯಿಗೆ ಬಂದಿದೆ!"

"ಎರಡೂ ಒಣಗೇ ಇರೋದಾದ್ರೆ ಎರಡ್ಯಾಕೆ ಇಟ್ಟೆ? ಒಂದು ಸಾಕಲ್ಲ."

"ಒಂದು ಕೆಟ್ರೆ ಇನ್ನೊಂದು ಇರ್ಲಿ ಅಂತ."

"ಕೆಡೋದನ್ನ ಯಾಕೆ ತಂದೆ?"

ನಾನು ಮತ್ತೆ ಗೋಡೆಯ ಕಡೆ ತಿರುಗಿ ನೋಡಿದೆ. ಮೊಳೆಯಿದ್ದ ಅದೇ ಜಾಗ, ಪಕ್ಕಪಕ್ಕ ಎರಡು. ಜೀವಮಾನವಿಡೀ ಎಡಗಡೆಯದಕ್ಕೆ ಬಟ್ಟೆ ಕಟ್ಟಿದ ಕೈ ಮತ್ತೇನು ಮಾಡೀತು? ಬೈದದ್ದಕ್ಕೆ ಕ್ಷಮೆ ಕೇಳಿದೆ. "ಸರೇಲೇ, ಬಿಡು," ಅಂದು ಅವರು ಮಣೆ ಒರೆಸುವುದನ್ನು ಮುಂದುವರಿಸಿದರು.

ಬಟ್ಟೆ ಬಿಚ್ಚಿದೆ, ಕಡ್ಡಿ ಒರೆಸಿದೆ. ಹೊರಗೆ ಬಂದು ಆ ಸೇರಿಸಿದ್ದ 5.1 ಅನ್ನು ಅಳಿಸಿ ಸೊನ್ನೆ ಮಾಡಿದೆ. ಹತ್ತು ನಿಮಿಷಕ್ಕೆ ಎರಡೂ ಒಂದೇ ಅಂಕಿಗೆ ಬಂದು ನಿಂತವು. ಆಗಿನ ಸಂತೋಷ ಹೇಳತೀರದು. ನನ್ನ ಒಂದು ಸ್ಕ್ರೂ ಕೂಡ ತಪ್ಪಿರಲಿಲ್ಲ.

ಆದರೆ ಸಂತೋಷ ಬಹಳ ಹೊತ್ತು ಇರಲಿಲ್ಲ. ಬೆಳಗ್ಗಿನಿಂದ ಮೂರನೇ ಇನ್‌ಪುಟ್, ಅಂದರೆ ತೇವದ ಸೆನ್ಸರ್, 97 ಅಂತ ತೋರಿಸುತ್ತಿತ್ತು. ಈಗ ತಾನೇ ತೊಳೆದ ಕೋಣೆ, ಇರಬಹುದು ಅಂದುಕೊಂಡಿದ್ದೆ. ಈಗ ಯೋಚಿಸಿದರೆ, ಮಂಜು ಬಿಟ್ಟಾಗಲೂ 97, ಫ್ಯಾನು ಹಾಕಿದಾಗಲೂ 97. ಮತ್ತೆ ಒಳಗೆ ಹೋಗಿ ಅದರ ಮುಚ್ಚಳ ಬಿಚ್ಚಿದೆ. ಘಾಟು ಮೂಗಿಗೆ ಬಡಿಯಿತು, ಒಳಗೆ ಬಿಳಿ ಪೊರೆ ಕಟ್ಟಿತ್ತು. ಔಷಧಿ ಸಿಂಪಡಿಸಿದಾಗ ಸತ್ತೇ ಹೋಗಿತ್ತು. ಇದು ಬೇರೆ ಯಾರ ತಪ್ಪೂ ಅಲ್ಲ, ನನ್ನದು. ಹುಳು ಬರುವ ಮುಂಚೆ ಕೋಣೆಗೆ ಔಷಧಿ ಹೊಡೆಯುತ್ತಾರೆ ಅಂತ ಹುಳುಮನೆಯಲ್ಲಿ ಹುಟ್ಟಿದವಳಿಗೆ ಗೊತ್ತಿರಬೇಡವೇ? ಹೋಗುವ ಮುಂಚೆ ಒಂದು ಪ್ಲಾಸ್ಟಿಕ್ ಚೀಲ ಕಟ್ಟಿದ್ದರೆ ಸಾಕಾಗಿತ್ತು.

ಹೊಸದು ಬೆಂಗಳೂರಿನಿಂದ ಬರಲು ಮೂರು ದಿನ ಬೇಕು ಅಂದರು ಸೀನಿಯರ್. ಮೊಟ್ಟೆ ಬೆಳಗ್ಗೆ ಒಡೆಯುತ್ತದೆ. ಅದಕ್ಕೆ ಮೂರು ದಿನ ತಡೆದುಕೋ ಅನ್ನಲು ಆಗುತ್ತದೆಯೇ? "ಮಂಜಿನ ಯಂತ್ರ ಟೈಮರ್ ಮೇಲೆ ಬಿಟ್ಟು ಬಾ," ಅಂದರು. ಟೈಮರ್ ಮೇಲೆ ನಡೆಸಿಯೇ ಹಿಂದಿನ ಎರಡು ಬ್ಯಾಚು ಹಾಳಾಗಿದ್ದು. ಮತ್ತೆ ಅದೇ ಆದರೆ ಈ ತಗಡಿನ ಡಬ್ಬ ಇಲ್ಲಿ ಯಾಕೆ, ನಾನು ಯಾಕೆ.

ಬಿಚ್ಚಿದ್ದ ಬಟ್ಟೆ ಚೂರು ನನ್ನ ಕೈಯಲ್ಲೇ ಇತ್ತು, ಇನ್ನೂ ಒದ್ದೆ. ಅದನ್ನು ಆ ಹಿರಿಯ ಹೆಂಗಸಿಗೆ ಕೊಟ್ಟೆ. "ಮತ್ತೆ ಕಟ್ಟಿ," ಅಂದೆ.

ಅವರು ನನ್ನ ಮುಖ ನೋಡಿದರು. "ಈಗ ತಾನೇ ಬೈದೆ."

"ಬೈದೆ. ಈಗ ಕಟ್ಟಿ."

ಎರಡನೇ ಇನ್‌ಪುಟ್ಟಿನ ಹೆಸರು ಅಳಿಸಿ 'ಒದ್ದೆ ಬಟ್ಟೆ' ಅಂತ ಬರೆದೆ. ಸರಾಸರಿ ತೆಗೆದು, ಬಿಸಿಗೆ ಒಂದನೇದನ್ನು ಮಾತ್ರ ನಂಬು ಅಂದೆ. ಹಳೆಯ ಹಲಗೆಯ ಜೊತೆ ಬಂದಿದ್ದ ಪಟ್ಟಿ ಮಾಲೀಕರ ಮೇಜಿನ ಖಾನೆಯಲ್ಲಿತ್ತು, ಹಳದಿಯಾಗಿ ಅಂಚು ಹರಿದಿತ್ತು. ವ್ಯತ್ಯಾಸ ಒಂದು ಡಿಗ್ರಿ ಇದ್ದರೆ ತೇವ ಇಷ್ಟು, ಎರಡಿದ್ದರೆ ಇಷ್ಟು. ಮಾಲೀಕರು ಓದುತ್ತಾ ಹೋದರು, ನಾನು ಒಂದೊಂದೇ ಅಂಕಿಯನ್ನು ಕಂಟ್ರೋಲರ್‌ಗೆ ಹಾಕಿದೆ. ಶೀಶೆಯ ನೀರು ಮುಗಿದು ಬಟ್ಟೆ ಒಣಗಿದರೆ ವ್ಯತ್ಯಾಸ ಸೊನ್ನೆಯಾಗಿ, ಕೋಣೆ ನೀರಲ್ಲಿ ಮುಳುಗಿದೆ ಅಂತ ಯಂತ್ರ ಮೋಸಹೋಗುತ್ತದೆ. ಅದಕ್ಕೆ, ಹತ್ತು ನಿಮಿಷ ವ್ಯತ್ಯಾಸವೇ ಇಲ್ಲದಿದ್ದರೆ ಗಂಟೆ ಬಾರಿಸು ಅಂತ ಇನ್ನೊಂದು ಸಾಲು ಸೇರಿಸಿದೆ. "ನೀರು ನಾನು ಹಾಕ್ತೀನಿ, ಅದಕ್ಕೆ ಗಂಟೆ ಯಾಕೆ?" ಅಂತ ಆ ಹೆಂಗಸಿಗೆ ಸ್ವಲ್ಪ ಬೇಜಾರಾಯಿತು.

ಸಂಜೆ ಆರಕ್ಕೆ ಸೀನಿಯರಿಗೆ ಎಲ್ಲ ಹೇಳಿದೆ. "ಇದು ಡ್ರಾಯಿಂಗ್‌ನಲ್ಲಿ ಇಲ್ಲ," ಅಂದರು. "ನಾನು ಸೈನ್ ಹಾಕಲ್ಲ."

"ನಾನು ಹಾಕ್ತೀನಿ ಸಾರ್."

ಕೆಲಸ ಮುಗಿದ ಕಾಗದದಲ್ಲಿ ಇಂಜಿನಿಯರ್ ಅಂತ ಅಚ್ಚಾಗಿದ್ದ ಜಾಗದಲ್ಲಿ ನನ್ನ ಹೆಸರು ಬರೆದೆ. ಆರು ವರ್ಷದಲ್ಲಿ ಮೊದಲ ಸಲ. ಅಕ್ಷರ ದುಂಡಗೇ ಬಂದವು.

ಬೆಳಗ್ಗೆ ಮೊಟ್ಟೆ ಒಡೆದವು. ಇರುವೆಗಿಂತ ಸಣ್ಣ ಕಪ್ಪು ಮರಿಗಳು, ಅವುಗಳ ಮೇಲೆ ನೂಲಿನಷ್ಟು ಸಣ್ಣಗೆ ಹೆಚ್ಚಿದ ಸೊಪ್ಪು. ಅಲ್ಲಿಂದ ಮೂರು ದಿನ ನಾನು ಮಾಲೂರಿನ ಟೇಬಲ್ ಮುಂದೆ ಕೂತು ಲಗ್ಗು ಒತ್ತುತ್ತಾ, ಕಂಟ್ರೋಲರ್ ಫೋನಿಗೆ ಕಳಿಸುತ್ತಿದ್ದ ಆ ಕೋಣೆಯ ಬಿಸಿ, ತೇವದ ಗೆರೆಗಳನ್ನು ಗಳಿಗೆಗೊಮ್ಮೆ ನೋಡುತ್ತಿದ್ದೆ. ಬಿಸಿಯ ಗೆರೆ ನೆಟ್ಟಗಿತ್ತು, ತೇವದ ಗೆರೆಯೂ ನೆಟ್ಟಗಿತ್ತು. ಗಂಟೆ ಒಂದು ಸಲವೂ ಹೊಡೆಯಲಿಲ್ಲ. ಆದರೆ ಗೆರೆ ನೆಟ್ಟಗಿದ್ದರೆ ಏನು, ಆ ಗೆರೆ ಬರೆಯಿಸಿದ್ದು ಒಂದು ಚೂರು ಪಂಚೆ ಮತ್ತು ನನ್ನ ಹಟ. ಹುಳುಗಳು ಏನು ಹೇಳುತ್ತವೆ ಅನ್ನುವುದೇ ಮುಖ್ಯ. ಅವು ಹೇಳುವುದು ಜ್ವರಕ್ಕೆ ಕೂರುವ ದಿನ.

ಆ ದಿನ ಹೊಸ ತೇವದ ಸೆನ್ಸರ್ ಹಿಡಿದುಕೊಂಡು ಹೋದೆ. ಸ್ನಾನ ಮಾಡಿ ಒಳಗೆ ಹೋದಾಗ ಮಾಲೀಕರು, ಆ ಹಿರಿಯ ಹೆಂಗಸು ಇಬ್ಬರೂ ತಟ್ಟೆಗಳ ಮುಂದೆ ನಿಂತಿದ್ದರು. ಮಾತಿಲ್ಲ. ಇದೂ ಕೆಟ್ಟಿತೇನೋ ಅಂದುಕೊಂಡೆ. ಆ ಹೆಂಗಸು ಮೇಲಿನ ತಟ್ಟೆಗೆ ಮುಚ್ಚಿದ್ದ ಮೇಣದ ಕಾಗದ ಎತ್ತಿದರು. ಒಂದು ಹುಳುವೂ ಮೇಯುತ್ತಿರಲಿಲ್ಲ. ಎಲ್ಲವೂ ತಲೆ ಎತ್ತಿಕೊಂಡು ಕಲ್ಲಿನ ಹಾಗೆ ನಿಂತಿದ್ದವು. ಎರಡನೇ ತಟ್ಟೆಯದನ್ನು ಎತ್ತಿದರು, ಹಾಗೇ. ಕೆಳಗಿನದು, ಮೂಲೆಯದು, ಬಾಗಿಲ ಪಕ್ಕದ್ದು, ಎಲ್ಲ ಹಾಗೇ. ಮಾತಿಲ್ಲದೆ ನಿಂತಿದ್ದು, ಜ್ವರಕ್ಕೆ ಕೂತ ಹುಳುವಿನ ಮುಂದೆ ಗಲಾಟೆ ಮಾಡಬಾರದು ಅಂತ. ಮಾಲೀಕರು ಪಿಸುಮಾತಿನಲ್ಲಿ, "ಇಷ್ಟು ಒಟ್ಟಾಗಿ ಕೂತಿದ್ದು ನಾನು ನೋಡೇ ಇಲ್ಲ," ಅಂದರು. ನನಗೆ ಅಳು ಬಂತು. ಕಣ್ಣು ಒರೆಸಿಕೊಳ್ಳಲು ಕೈ ಎತ್ತಿದೆ, "ಮುಖ ಮುಟ್ಟಿದ ಕೈ ತಟ್ಟೆಗೆ ಹಾಕ್ಬೇಡ," ಅಂತ ಆ ಹೆಂಗಸು ಗದರಿದರು.

ಹೊಸ ಸೆನ್ಸರನ್ನು ಗೋಡೆಗೆ ಕೂರಿಸಿ, ತಂತಿ ಕೊಟ್ಟು, ಎರಡು ಸಲ ಎಳೆದು ನೋಡಿದೆ. ಬಾಗಿಲಾಚೆ ಪ್ಯಾನೆಲ್ಲಿನ ಪರದೆಯಲ್ಲಿ ಅದರ ಅಂಕಿ ಬಂತು: 85. ಪಕ್ಕದಲ್ಲೇ ಒದ್ದೆ ಬಟ್ಟೆಯ ಲೆಕ್ಕ: 84. ಆ ಹಿರಿಯ ಹೆಂಗಸು ಕೈ ಒರೆಸಿಕೊಂಡು ಬಂದು, ಇದೇನು ಅದೇನು ಅಂತ ಕೇಳಿ ತಿಳಿದುಕೊಂಡರು. ಎರಡು ಅಂಕಿಗಳನ್ನೂ ಬೆರಳಿಟ್ಟು ನೋಡಿದರು. ಆಮೇಲೆ ನನ್ನ ಬೆನ್ನು ತಟ್ಟಿದರು.

"ಪರವಾಗಿಲ್ಲ ಅಮ್ಮಾಯಿ," ಅಂದರು. "ನಿಂದೂ ಸರಿಯಾಗೇ ತೋರಿಸ್ತೈತೆ."